‘ಕಣ್ಣಿನ ನರ ಒಣಗಿದೆ’ ಅಂದರಂತೆ, ಯಾಕೆ ಒಣಗಿತು?

ಪ್ರಶ್ನೆ: ನಾವು ಚಳ್ಳಕೆರೆ ತಾಲೂಕಿನವರು. ನನ್ನ ಅಣ್ಣನಿಗೆ 41 ವರ್ಷ, ಎಣ್ಣೆ ಮಿಲ್ಲಿನಲ್ಲಿ ಕೆಲಸ. ಐದು ತಿಂಗಳ ಹಿಂದೆ ಟಿಬಿ ಅಂತ ಗೊತ್ತಾಯಿತು. ಆಗಿನಿಂದ ಸರ್ಕಾರಿ ಆಸ್ಪತ್ರೆಯ ಗುಳಿಗೆ ತಗೊಳ್ತಾ ಇದ್ದಾನೆ, ದಿನಕ್ಕೆ ಮೂರು. ಕೆಮ್ಮು ನಿಂತಿದೆ, ತೂಕ 42 ಕೆಜಿಗೆ ಬಂದಿದೆ. ಆದರೆ ಒಂದೂವರೆ ತಿಂಗಳಿಂದ ಎರಡೂ ಕಣ್ಣು ಮಂಜು ಅಂತಾನೆ. ನೋವಿಲ್ಲ, ಕೆಂಪಾಗಿಲ್ಲ. ಎದುರಿಗೆ ನಿಂತವರ ಮುಖ ಗೊತ್ತಾಗಲ್ಲ, ಅವರು ಮಾತಾಡಿದ ಮೇಲೆ ಗುರುತು ಹಿಡಿಯುತ್ತಾನೆ. ಹೋದ ವಾರ ಅಂಗಡಿಯಲ್ಲಿ 20ರ ನೋಟು ಅಂತ 200ರ ನೋಟು ಕೊಟ್ಟು ಬಂದ. ಎರಡು ಸಲ ಕನ್ನಡಕ ಬದಲಾಯಿಸಿದೆವು, ಉಪಯೋಗ ಆಗಲಿಲ್ಲ. ಕಣ್ಣಿನ ಡಾಕ್ಟರೊಬ್ಬರು ನೋಡಿ ‘ನರ ಒಣಗ್ತಾ ಇದೆ, ಏನೂ ಮಾಡೋಕಾಗಲ್ಲ’ ಅಂದರು. ಅಣ್ಣ ಬೀಡಿ ಸೇದುತ್ತಾನೆ, ವಾರಕ್ಕೆ ಮೂರ್ನಾಲ್ಕು ದಿನ ಕುಡಿಯುತ್ತಾನೆ. ನಮ್ಮ ತಂದೆಗೂ ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ಪೊರೆ ತೆಗೆಸಿದರೂ ಕಾಣಲಿಲ್ಲ, ಆಗಲೂ ‘ನರ ಹೋಗಿದೆ’ ಅಂದಿದ್ದರು. ಇದು ಮನೆತನದ ಕಾಯಿಲೆಯೇ? ನರ ಬದಲಿಸಬಹುದೇ? ಮುಂದೆ ನನಗೂ ಬರುತ್ತದೆಯೇ?

ಉತ್ತರ: ತಂಗೀ, ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಅದಕ್ಕೆ ಮೊದಲು ಇವತ್ತೇ ಆಗಬೇಕಾದ ಕೆಲಸ ಒಂದಿದೆ. ಅದನ್ನು ಮುಗಿಸಿ ಬಂದು ಉಳಿದದ್ದನ್ನು ಓದಿ.

ನಿಮ್ಮಣ್ಣ ನುಂಗುತ್ತಿರುವ ಟಿಬಿ ಗುಳಿಗೆಯಲ್ಲಿ ಎಥಾಂಬ್ಯುಟಾಲ್ ಎನ್ನುವ ಔಷಧಿ ಇರುತ್ತದೆ. ಒಳ್ಳೆಯ ಔಷಧಿ, ಲಕ್ಷಾಂತರ ಜನರ ಜೀವ ಉಳಿಸಿದೆ. ಆದರೆ ಕೆಲವರಲ್ಲಿ ಅದು ಕಣ್ಣಿನ ನರಕ್ಕೆ ಏಟು ಕೊಡುತ್ತದೆ. ಗುಳಿಗೆ ಶುರುವಾಗಿ ಮೂರ್ನಾಲ್ಕು ತಿಂಗಳಿಗೆ ಮಂಜು ಬಂದಿದೆ. ಎರಡೂ ಕಣ್ಣಿಗೆ ಒಟ್ಟಿಗೇ ಬಂದಿದೆ. ನೋವಿಲ್ಲ. ನೋಡಬೇಕೆಂದ ಜಾಗವೇ, ಅಂದರೆ ನಡುಮಧ್ಯವೇ, ಮಸುಕು. ನೋಟು ತಪ್ಪಿದ್ದನ್ನು ನೋಡಿದರೆ ಬಣ್ಣವೂ ಕೆಟ್ಟಿರಬಹುದು. ಇಷ್ಟೂ ಸೇರಿದರೆ ನನ್ನ ಮೊದಲ ಅನುಮಾನ ಆ ಔಷಧಿಯ ಮೇಲೆಯೇ.

ಹಾಗಂತ ಎಲ್ಲಾ ಟಿಬಿ ಗುಳಿಗೆಯನ್ನು ನೀವೇ ನಿಲ್ಲಿಸಿ ಕೂರಬೇಡಿ. ಅರ್ಧಕ್ಕೆ ಬಿಟ್ಟ ಟಿಬಿ ಮತ್ತೆ ಏಳುತ್ತದೆ, ಎರಡನೇ ಸಲ ಮದ್ದಿಗೆ ಬಗ್ಗದೆ ಏಳಬಹುದು. ಈಗ ಕೊಡುವ ಗುಳಿಗೆಯಲ್ಲಿ ಮೂರು ಔಷಧಿ ಒಂದರಲ್ಲೇ ಸೇರಿರುತ್ತವೆ, ಎಥಾಂಬ್ಯುಟಾಲ್ ಒಂದನ್ನೇ ಆರಿಸಿ ಪಕ್ಕಕ್ಕಿಡಲು ಮನೆಯಲ್ಲಿ ಆಗುವುದಿಲ್ಲ. ಅದಕ್ಕೇ ಗುಳಿಗೆ ಕೊಡುವ ಸಿಬ್ಬಂದಿಗೆ, ಇಲ್ಲವೇ ತಾಲೂಕು ಆಸ್ಪತ್ರೆಯ ಟಿಬಿ ವಿಭಾಗಕ್ಕೆ ಇವತ್ತೇ ಫೋನ್ ಮಾಡಿ. ‘ಕಣ್ಣು ಮಂಜಾಗಿದೆ, ಬಣ್ಣ ಗೊತ್ತಾಗುತ್ತಿಲ್ಲ, ಎಥಾಂಬ್ಯುಟಾಲ್ ಬಗ್ಗೆ ಅನುಮಾನ ಇದೆ’ ಎಂದು ಇದೇ ಮಾತಿನಲ್ಲಿ ಹೇಳಿ. ಮುಂದಿನ ಡೋಸ್ ನುಂಗುವ ಮೊದಲು ಡಾಕ್ಟರ ಮಾತು ಸಿಗಲಿ. ಅವರು ಎಥಾಂಬ್ಯುಟಾಲ್ ಬಿಟ್ಟು ಉಳಿದ ಔಷಧಿಗಳನ್ನು ಹೇಗೆ ಮುಂದುವರಿಸಬೇಕೆಂದು ಹೇಳುತ್ತಾರೆ. ಇನ್ನೊಂದೇ ತಿಂಗಳಲ್ವಾ, ಕೋರ್ಸ್ ಮುಗಿದ ಮೇಲೆ ನೋಡೋಣ ಎಂದುಕೊಳ್ಳಬೇಡಿ. ಅನುಮಾನ ಬಂದ ಮೇಲೆ ನುಂಗಿದ ಒಂದೊಂದು ಡೋಸೂ ನರಕ್ಕೆ ಭಾರ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಟಿಬಿ ಗುಳಿಗೆಯ ಮಾತನ್ನು ಆ ಕಣ್ಣಿನ ಡಾಕ್ಟರಿಗೆ ಹೇಳಿದ್ದಿರಾ? ನನ್ನ ಅನುಭವದಲ್ಲಿ ಬಹಳ ಮನೆಯವರು ಹೇಳುವುದಿಲ್ಲ. ಟಿಬಿ ಎಂದರೆ ಇನ್ನೂ ಮುಚ್ಚಿಡುವ ವಿಷಯ ನಮ್ಮಲ್ಲಿ. ಎದೆಯ ಡಾಕ್ಟರಿಗೆ ಕಣ್ಣಿನ ಸುದ್ದಿ ಹೇಳುವುದಿಲ್ಲ, ಕಣ್ಣಿನ ಡಾಕ್ಟರಿಗೆ ಎದೆಯ ಸುದ್ದಿ ಹೇಳುವುದಿಲ್ಲ. ಇಬ್ಬರೂ ಅರ್ಧರ್ಧ ಕಥೆ ಕೇಳಿ ಕಳಿಸುತ್ತಾರೆ. ತಪ್ಪು ನಿಮ್ಮದೊಂದೇ ಅಲ್ಲ, ನಾವು ಡಾಕ್ಟರುಗಳೂ ಬಾಯಿಬಿಟ್ಟು ಕೇಳಬೇಕು. ಕಣ್ಣಿನ ಒಪಿಡಿಯಲ್ಲಿ ‘ಬೇರೆ ಯಾವ ಗುಳಿಗೆ ತಗೊಳ್ತೀರಿ’ ಎಂದು ಕೇಳದೆ ನರದ ಕಾಯಿಲೆಯ ಬಗ್ಗೆ ಮಾತು ಮುಗಿಸಲೇಬಾರದು.

ಈಗ ‘ನರ ಒಣಗಿದೆ’ ಎನ್ನುವ ಮಾತಿಗೆ ಬರೋಣ. ಕಣ್ಣಿನ ಹಿಂದಿನ ಪರದೆಯಿಂದ ಮೆದುಳಿಗೆ ಒಂದು ನರ ಹೋಗುತ್ತದೆ. ಉದ್ದ ಸುಮಾರು 5 ಸೆಂಟಿಮೀಟರ್. ಅದರೊಳಗೆ 10ರಿಂದ 12 ಲಕ್ಷ ಎಳೆಗಳಿವೆ. ಕಣ್ಣು ಹಿಡಿದ ಚಿತ್ರವನ್ನೆಲ್ಲಾ ಮೆದುಳಿಗೆ ಸಾಗಿಸುವುದು ಆ ಎಳೆಗಳೇ. ಭದ್ರಾ ನಾಲೆಯ ಕೊನೇ ಭಾಗದ ರೈತರನ್ನು ಕೇಳಿ, ಅವರಿಗೆ ಇದು ಬೇಗ ಅರ್ಥವಾಗುತ್ತದೆ. ಡ್ಯಾಂನಲ್ಲಿ ನೀರು ತುಂಬಿದೆ, ಗದ್ದೆಯೂ ಹದವಾಗಿದೆ. ನಡುವೆ ನಾಲೆ ಒಡೆದಿದ್ದರೆ ಪೈರಿಗೆ ನೀರು ಬರುವುದಿಲ್ಲ. ಕನ್ನಡಕ, ಪೊರೆ ಆಪರೇಷನ್ ಇವೆಲ್ಲ ಡ್ಯಾಂ ಕಡೆಯ ಕೆಲಸ. ನಾಲೆ ಕೆಟ್ಟಾಗ ಎಷ್ಟು ಕನ್ನಡಕ ಬದಲಾಯಿಸಿದರೂ ಅಷ್ಟೇ.

ಏಟು ತಿಂದ ಎಳೆಗಳು ಸತ್ತಾಗ ನರದ ತಲೆಭಾಗ ಬಿಳಿಚಿಕೊಳ್ಳುತ್ತದೆ. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡುವುದು ಆ ಬಿಳಿಚಿದ ತಲೆಯನ್ನು. ಅದನ್ನೇ ‘ಒಣಗಿದೆ’ ಅನ್ನುತ್ತಾರೆ. ಆದರೆ ಅದು ಕಾಯಿಲೆಯ ಹೆಸರಲ್ಲ. ತೆಂಗಿನ ಮರದ ಸುಳಿ ಒಣಗಿದೆ ಎಂದರೆ ಕಾರಣ ಹೇಳಿದ ಹಾಗಾಗಲಿಲ್ಲ ಅಲ್ವಾ? ನೀರಿಲ್ಲದೆಯೋ, ಹುಳ ಬಿದ್ದೋ, ಸಿಡಿಲು ಬಡಿದೋ ಎಂದು ಹುಡುಕಬೇಕು. ಹಾಗೆಯೇ ಇಲ್ಲಿ. ಔಷಧಿಯ ವಿಷ ಇರಬಹುದು. ನರಕ್ಕೆ ಬಾವು ಬಂದಿರಬಹುದು. ರಕ್ತ ಓಡಾಟ ನಿಂತಿರಬಹುದು. ಗಡ್ಡೆ ಅಮುಕುತ್ತಿರಬಹುದು. ಕಣ್ಣಿನ ಒತ್ತಡ ಜಾಸ್ತಿಯಾಗಿರಬಹುದು. ಒಂದೊಂದಕ್ಕೂ ದಾರಿ ಬೇರೆ. ‘ಏನೂ ಮಾಡೋಕಾಗಲ್ಲ’ ಎಂಬ ಮಾತು ಸತ್ತ ಎಳೆಗಳಿಗೆ ಮಾತ್ರ ಸರಿ. ಇನ್ನೂ ಜೀವ ಇರುವ ಎಳೆಗಳನ್ನು ಉಳಿಸಲು ಮಾಡುವುದು ಬೇಕಾದಷ್ಟಿದೆ. ಇದೊಂದು ಮಾತು ನಿಮ್ಮ ಮನೆಯವರಿಗೆಲ್ಲಾ ಗೊತ್ತಾಗಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ಸೂಕ್ಷ್ಮ. ಏಟು ಬಿದ್ದ ದಿನವೇ ನರ ಬಿಳಿಚುವುದಿಲ್ಲ, ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಎಥಾಂಬ್ಯುಟಾಲ್ ಏಟಿನಲ್ಲಂತೂ ಶುರುವಿನಲ್ಲಿ ಕಣ್ಣೊಳಗೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ರೋಗಿ ಮಂಜು ಮಂಜು ಅನ್ನುತ್ತಾರೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಮನೆಯವರು ‘ಸುಮ್ನೆ ಹೇಳ್ತಾನೆ, ಕೆಲಸಕ್ಕೆ ಹೋಗೋಕೆ ಸೋಮಾರಿತನ’ ಅಂದುಬಿಡುತ್ತಾರೆ. ನಿಮ್ಮಣ್ಣನಿಗೆ ಯಾರಾದರೂ ಹಾಗೆ ಅಂದಿದ್ದರೆ ದಯವಿಟ್ಟು ಅದನ್ನು ನಿಲ್ಲಿಸಿ.

ಡೋಸ್ ಜಾಸ್ತಿ ಆಯಿತಾ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ಒಂದು ಗುಳಿಗೆಯಲ್ಲಿ ಎಥಾಂಬ್ಯುಟಾಲ್ 275 ಮಿಲಿಗ್ರಾಂ ಇರುತ್ತದೆ. ಮೂರಕ್ಕೆ 825. ತೂಕ 42 ಕೆಜಿ ಎಂದರೆ ಕೆಜಿಗೆ ಹತ್ತಿರ ಹತ್ತಿರ 20 ಮಿಲಿಗ್ರಾಂ ಆಯಿತು. ಸಾಮಾನ್ಯವಾಗಿ ಕೊಡುವುದು 15ರಿಂದ 20. ಅಂದರೆ ಗುಳಿಗೆ ಕೊಟ್ಟವರು ತಪ್ಪು ಮಾಡಿಲ್ಲ. ಆದರೆ ಮಿತಿಯೊಳಗಿದ್ದರೂ ಕೆಲವರಿಗೆ ಆಗುತ್ತದೆ, ಡೋಸ್ ಮೇಲೆ ಹೋದಷ್ಟೂ ಅಪಾಯ ಏರುತ್ತದೆ. ಈ ಔಷಧಿ ದೇಹದಿಂದ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿಯಿಂದ. ಕಿಡ್ನಿ ನಿಧಾನವಾಗಿದ್ದರೆ ಅದೇ ಮೂರು ಗುಳಿಗೆ ದೇಹದೊಳಗೆ ಐದರ ಕೆಲಸ ಮಾಡಬಹುದು. ಅದಕ್ಕೇ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಈ ವಾರವೇ ಆಗಲಿ. ದುಬಾರಿ ಪರೀಕ್ಷೆ ಅಲ್ಲ.

ನಿಲ್ಲಿಸಿದರೆ ಕಣ್ಣು ಬರುತ್ತದಾ? ಬೇಗ ನಿಲ್ಲಿಸಿದವರಲ್ಲಿ ಬಹಳ ಮಂದಿಗೆ ನಿಧಾನವಾಗಿ ಸುಧಾರಿಸುತ್ತದೆ. ನಿಧಾನ ಎಂದರೆ ವಾರಗಳ ಲೆಕ್ಕ ಅಲ್ಲ, ತಿಂಗಳುಗಳ ಲೆಕ್ಕ. ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಅರ್ಧ ಬಂದು ನಿಲ್ಲುತ್ತದೆ, ಕೆಲವರಿಗೆ ಬರುವುದೇ ಇಲ್ಲ. ನಿಲ್ಲಿಸಿದ ಮೇಲೂ ಮೊದಲ ಕೆಲವು ವಾರ ದೃಷ್ಟಿ ಇನ್ನೂ ಸ್ವಲ್ಪ ಇಳಿಯಬಹುದು. ಆಗ ಗಾಬರಿಯಾಗಿ ಊರೂರು ಸುತ್ತಬೇಡಿ, ಅದು ಈ ಕಾಯಿಲೆಯ ನಡೆ. ನರ ಬಿಳಿಚಲು ಶುರುವಾಗಿದೆ ಎಂದಿದ್ದಾರೆ, ಹಾಗಾಗಿ ಪೂರ್ತಿ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಉಳಿದಿರುವುದನ್ನು ಕಾಪಾಡುವ ಅವಕಾಶ ಮಾತ್ರ ಖಂಡಿತ ಇದೆ.

ಈ ತೊಂದರೆಗೆ ಸ್ಟಿರಾಯ್ಡ್ ಕೆಲಸಕ್ಕೆ ಬರುವುದಿಲ್ಲ. ‘ನರಕ್ಕೆ ಶಕ್ತಿ ಬರಲಿ’ ಎಂದು ಯಾರಾದರೂ ಸ್ಟಿರಾಯ್ಡ್ ಬರೆದುಕೊಟ್ಟರೆ ಟಿಬಿ ಇರುವುದನ್ನು ಹೇಳಿ, ಯಾಕೆ ಎಂದು ಕೇಳಿ.

ಬೀಡಿ, ಕುಡಿತದ ವಿಷಯ ಬರೆದಿರಿ, ಒಳ್ಳೆಯದಾಯಿತು. ಬಹಳ ಜನ ಅದನ್ನೂ ಮುಚ್ಚುತ್ತಾರೆ. ವರ್ಷಗಟ್ಟಲೆ ತಂಬಾಕು, ಅದರ ಜೊತೆ ಕುಡಿತ, ಊಟ ಸರಿಯಿಲ್ಲ. ಇವು ಸೇರಿದರೆ ಕಣ್ಣಿನ ನರಕ್ಕೆ ಬೇಕಾದ ಬಿ-12, ಬಿ-1, ಫೋಲೇಟ್ ಕಡಿಮೆಯಾಗುತ್ತವೆ. ಆಗಲೂ ಹೀಗೇ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತದೆ, ಬಣ್ಣ ಕೆಡುತ್ತದೆ. ನಿಮ್ಮಣ್ಣನಲ್ಲಿ ಔಷಧಿಯ ಏಟಿನ ಮೇಲೆ ಇದೂ ಸೇರಿರಬಹುದು. ಬಿ-12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಇಂಜೆಕ್ಷನ್ ಹಾಕಿಸಬೇಕು. ಇದು ಸುಲಭವಾಗಿ ಸರಿಮಾಡಬಹುದಾದ ಕೊರತೆ, ಬಿಟ್ಟರೆ ನಷ್ಟ ದೊಡ್ಡದು. ಬೀಡಿ ಈಗಲೇ ನಿಲ್ಲಬೇಕು. ಕುಡಿತವೂ ನಿಲ್ಲಬೇಕು, ಆದರೆ ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಡಾಕ್ಟರಿಗೆ ಹೇಳಿಯೇ ಬಿಡಿಸಿ. ಕಳ್ಳಭಟ್ಟಿಯ ಬಗ್ಗೆ ಒಂದು ಮಾತು ಎಲ್ಲರಿಗೂ ಹೇಳುತ್ತೇನೆ. ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತಿದ್ದರೆ ಕುಡಿದ ಒಂದೆರಡು ದಿನದೊಳಗೆ ಕಣ್ಣು ಕತ್ತಲೆಯಾಗುತ್ತದೆ, ಉಸಿರು ಎಳೆಯುತ್ತದೆ, ಜೀವವೂ ಹೋಗುತ್ತದೆ. ಅದು ಆಂಬ್ಯುಲೆನ್ಸ್ ಕರೆಯುವ ವಿಷಯ, ನಿಂಬೆಹಣ್ಣಿನ ರಸ ಕುಡಿಸಿ ಮಲಗಿಸುವ ವಿಷಯ ಅಲ್ಲ.

ಇಷ್ಟೆಲ್ಲಾ ಹೇಳಿದರೂ ‘ಎಥಾಂಬ್ಯುಟಾಲ್ ಇರಬೇಕು’ ಎಂದು ಪತ್ರ ನೋಡಿಯೇ ಮುಚ್ಚಳ ಹಾಕುವುದು ಸರಿಯಲ್ಲ. ಪರೀಕ್ಷೆ ಆಗಲೇಬೇಕು. ಏನೇನು ಮಾಡುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ನಿಮಗೂ ಧೈರ್ಯ.

ಮೊದಲು ಅಕ್ಷರದ ಬೋರ್ಡ್. ಒಂದೊಂದೇ ಕಣ್ಣು ಮುಚ್ಚಿ ಓದಿಸುತ್ತಾರೆ. ಸೂಜಿತೂತಿನ ತಗಡು ಹಿಡಿದು ಮತ್ತೆ ಓದಿಸುತ್ತಾರೆ. ತೂತಿನಿಂದ ನೋಡಿದಾಗ ಅಕ್ಷರ ಚುರುಕಾದರೆ ಸಾಮಾನ್ಯವಾಗಿ ಅದು ಕನ್ನಡಕದ ತೊಂದರೆ. ಆಗದಿದ್ದರೆ ಹಿಂದೆ ಎಲ್ಲೋ ಕೆಟ್ಟಿದೆ. ಕನ್ನಡಕದ ಅಂಗಡಿಯಲ್ಲಿ ಈ ಒಂದು ನಿಮಿಷದ ಕೆಲಸ ಆಗಿದ್ದರೆ ನಿಮಗೆ ಎರಡನೇ ಕನ್ನಡಕದ ಖರ್ಚು ಉಳಿಯುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಕೆಲವು ವಾರ ಉಳಿಯುತ್ತಿದ್ದವು.

ಆಮೇಲೆ ಟಾರ್ಚು. ಕತ್ತಲೆ ಕೋಣೆಯಲ್ಲಿ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬೆಳಕು ಆಡಿಸುತ್ತಾರೆ. ನರ ಚೆನ್ನಾಗಿದ್ದರೆ ಬೆಳಕು ಬಿದ್ದ ಕೂಡಲೇ ಪಾಪೆ ಚಿಕ್ಕದಾಗುತ್ತದೆ. ಒಂದು ಕಡೆಯ ನರ ಸೋತಿದ್ದರೆ ಆ ಕಣ್ಣಿಗೆ ಬೆಳಕು ಬಂದಾಗ ಪಾಪೆ ಚಿಕ್ಕದಾಗುವ ಬದಲು ಅಗಲವಾಗುತ್ತದೆ. ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ದಾವಣಗೆರೆಯಲ್ಲಿ ಮೊದಲು ಕಲಿಸುವುದು ಇದನ್ನೇ. ಯಾವ ಮೆಷಿನ್ನೂ ಬೇಡ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು. ಆದರೆ ನಿಮ್ಮಣ್ಣನ ಹಾಗೆ ಎರಡೂ ಕಡೆ ಒಂದೇ ಸಮ ಸೋತಿದ್ದರೆ ಹೋಲಿಸಲು ಒಳ್ಳೆಯ ಕಣ್ಣೇ ಇರುವುದಿಲ್ಲ, ಹಾಗಾಗಿ ಈ ಪರೀಕ್ಷೆ ಸುಮ್ಮನಿದ್ದುಬಿಡುತ್ತದೆ.

ಆಗ ಬಣ್ಣದ ಪರೀಕ್ಷೆ ಕೈ ಹಿಡಿಯುತ್ತದೆ. ಚುಕ್ಕಿ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕ ಒಂದಿದೆ, ಜಪಾನಿನ ಡಾಕ್ಟರ್ ಇಶಿಹಾರಾ 1917ರಲ್ಲಿ ಹೊರತಂದದ್ದು. ಇವತ್ತಿಗೂ ಅದನ್ನೇ ಬಳಸುತ್ತೇವೆ. ನರದ ಕಾಯಿಲೆಯಲ್ಲಿ ಅಕ್ಷರಕ್ಕಿಂತ ಮೊದಲೇ ಬಣ್ಣ ಸೋಲುವುದುಂಟು. ಹರಿಹರದ ಕಡೆಯಿಂದ ಬಂದಿದ್ದ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು ನನಗೆ ಇದನ್ನು ಮರೆಯದ ಹಾಗೆ ತೋರಿಸಿದಳು. ಕೈಯಲ್ಲಿದ್ದ ಕೆಂಪು ದಾರದ ಉಂಡೆಯನ್ನು ಮೇಜಿನ ಮೇಲಿಟ್ಟಳು. ಎಡಗಣ್ಣು ಮುಚ್ಚಿ ‘ಕುಂಕುಮ’ ಅಂದಳು. ಬಲಗಣ್ಣು ಮುಚ್ಚಿ ‘ಇಟ್ಟಿಗೆ ಪುಡಿ’ ಅಂದಳು. ಬೋರ್ಡಿನಲ್ಲಿ ಎಡಗಣ್ಣು ಕೇವಲ ಎರಡು ಸಾಲು ಹಿಂದಿತ್ತು. ಅವಳ ಎಡಗಣ್ಣಿನ ನರಕ್ಕೆ ಬಾವು ಬಂದಿತ್ತು.

ನಿಮ್ಮಣ್ಣ 200ರ ನೋಟನ್ನು 20ರದ್ದೆಂದು ಕೊಟ್ಟರಲ್ಲ, ಅದೂ ಇಂಥದ್ದೇ ಇರಬಹುದು. ಒಂದು ಗಟ್ಟಿ ಹಳದಿ, ಇನ್ನೊಂದು ಹಸಿರು ಬೆರೆತ ಹಳದಿ. ಡಾಕ್ಟರಿಗೆ ಈ ಘಟನೆಯನ್ನು ತಪ್ಪದೆ ಹೇಳಿ.

ನಂತರ ದೃಷ್ಟಿಯ ಹರವು ಅಳೆಯುವ ಪರೀಕ್ಷೆ. ಬಟ್ಟಲಿನಂಥ ಮೆಷಿನ್ನಿನೊಳಗೆ ನೋಡುತ್ತಾ ಬೆಳಕಿನ ಚುಕ್ಕಿ ಕಂಡಾಗೆಲ್ಲಾ ಗುಂಡಿ ಒತ್ತಬೇಕು. ಬೇಜಾರಿನ ಪರೀಕ್ಷೆ. ಹೊಟ್ಟೆ ಹಸಿದು, ನಿದ್ದೆಗೆಟ್ಟು ಹೋದರೆ ಫಲಿತಾಂಶ ಕೆಡುತ್ತದೆ. ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಓಸಿಟಿ ಎನ್ನುವ ಸ್ಕ್ಯಾನ್ ಐದು ನಿಮಿಷದ್ದು, ನೋವಿಲ್ಲ. ನರದ ಎಳೆಗಳ ಪದರ ಎಷ್ಟು ದಪ್ಪ ಉಳಿದಿದೆ ಎಂದು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತದೆ. ಮೂರು ತಿಂಗಳು, ಆರು ತಿಂಗಳು ಬಿಟ್ಟು ಮತ್ತೆ ಮಾಡಿ ಹೋಲಿಸಿದಾಗಲೇ ಅದರ ನಿಜವಾದ ಬೆಲೆ ಗೊತ್ತಾಗುವುದು. ಮೊದಲ ರಿಪೋರ್ಟನ್ನು ಕಳೆಯಬೇಡಿ.

ಮೆದುಳು ಮತ್ತು ಕಣ್ಣಿನ ಗೂಡಿನ ಎಂಆರ್‌ಐ ಯಾಕೆ ಬೇಕಾಗಬಹುದು? ಎರಡು ಕಣ್ಣಿನ ನರಗಳೂ ಮೆದುಳಿನ ಬುಡದಲ್ಲಿ ಕೂಡಿ ಹಾಯುವ ಜಾಗ ಒಂದಿದೆ. ಅದರ ಕೆಳಗೇ ಪಿಟ್ಯುಟರಿ ಗ್ರಂಥಿ. ಅಲ್ಲಿ ಗಡ್ಡೆ ಬೆಳೆದು ಕೆಳಗಿನಿಂದ ಒತ್ತಿದರೆ ಎರಡೂ ಕಣ್ಣಿನ ಹೊರಬದಿಯ ನೋಟ ಹೋಗುತ್ತದೆ. ಎಥಾಂಬ್ಯುಟಾಲ್ ಕೂಡ ಕೆಲವೊಮ್ಮೆ ಅದೇ ಜಾಗವನ್ನು ಕೆಡಿಸಿ ಅಂಥದ್ದೇ ಚಿತ್ರ ತೋರಿಸುತ್ತದೆ. ಎರಡನ್ನೂ ಬೇರೆ ಮಾಡುವುದು ಸ್ಕ್ಯಾನ್ ಮಾತ್ರ. ನನ್ನ ಬಳಿ ಟ್ರ್ಯಾಕ್ಟರ್ ಓಡಿಸುವವರೊಬ್ಬರು ಬಂದಿದ್ದರು. ಮೆಕ್ಕೆಜೋಳ ತುಂಬಿಕೊಂಡು ಹೋಗುವಾಗ ಗೇಟಿನ ಎಡಗಂಬಕ್ಕೂ ತಾಗಿಸುತ್ತಿದ್ದರು, ಬಲಗಂಬಕ್ಕೂ ತಾಗಿಸುತ್ತಿದ್ದರು. ಮೂರು ವರ್ಷದಲ್ಲಿ ನಾಲ್ಕು ಕನ್ನಡಕ ಆಗಿತ್ತು. ನೋಟದ ಹರವು ಅಳೆದಾಗ ಎರಡೂ ಹೊರಬದಿ ಕಪ್ಪು. ಸ್ಕ್ಯಾನ್ ಮಾಡಿಸಿದೆವು, ಗಡ್ಡೆ ಇತ್ತು. ಆಪರೇಷನ್ ಆದ ಮೇಲೆ ಸಾಕಷ್ಟು ದೃಷ್ಟಿ ವಾಪಸ್ ಬಂತು. ‘ನರ ಒಣಗಿದೆ’ ಎಂದು ಅಲ್ಲಿಗೇ ಬಿಟ್ಟಿದ್ದರೆ ಅವರು ಪೂರ್ತಿ ಕುರುಡಾಗುತ್ತಿದ್ದರು.

ಟಿಬಿ ಇರುವವರಲ್ಲಿ ಇನ್ನೂ ಒಂದು ಕಡೆ ಗಮನ ಇರಬೇಕು. ಟಿಬಿ ಮೆದುಳಿನ ಪೊರೆಗೆ ಹೋದರೆ ತಲೆಯೊಳಗಿನ ಒತ್ತಡ ಏರಿ ಎರಡೂ ನರ ಊದಿಕೊಳ್ಳುತ್ತವೆ. ಬಿಡದ ತಲೆನೋವು, ವಾಂತಿ, ಜ್ವರ, ಮಂಕು, ಬಗ್ಗಿದರೆ ಎದ್ದರೆ ಕೆಲವು ಸೆಕೆಂಡು ಕಣ್ಣು ಕತ್ತಲೆ. ಇವುಗಳಲ್ಲಿ ಯಾವುದು ಕಂಡರೂ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ನಿಮ್ಮಣ್ಣನದು ವಾರಗಳಲ್ಲಿ ಇಳಿದದ್ದು. ಎಲ್ಲರದೂ ಹಾಗಿರುವುದಿಲ್ಲ. ಕಣ್ಣಿನ ನರದ ಕಾಯಿಲೆಯನ್ನು ಅರ್ಧ ಗುರುತಿಸುವುದು ಅದು ಎಷ್ಟು ಬೇಗ ಬಂತು ಎನ್ನುವುದರಿಂದಲೇ. 20ರಿಂದ 40 ವರ್ಷದೊಳಗಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೂರ್ನಾಲ್ಕು ದಿನದಲ್ಲಿ ಒಂದು ಕಣ್ಣು ಮಂಜಾಗಿ, ಕಣ್ಣು ಹೊರಳಿಸಿದರೆ ನೋವಾದರೆ ಅದು ನರದ ಬಾವು ಇರಬಹುದು. ಮೇಲೆ ಹೇಳಿದ ಹೊಲಿಗೆ ಕೆಲಸದವಳದು ಅದೇ. ಅದಕ್ಕೆ ಆಸ್ಪತ್ರೆಯಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ರಕ್ತನಾಳದ ಮೂಲಕ ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ ಮೂರು ದಿನ, ಕೆಲವರಿಗೆ ಐದು ದಿನ. ಮೆಡಿಕಲ್ ಸ್ಟೋರಿನಿಂದ ಸ್ಟಿರಾಯ್ಡ್ ಗುಳಿಗೆ ತಂದು ನುಂಗುವುದು ಇದಕ್ಕೆ ಸಮ ಅಲ್ಲ. ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಾಧಾರಣ ಡೋಸಿನ ಗುಳಿಗೆ ಮಾತ್ರ ತೆಗೆದುಕೊಂಡವರಲ್ಲಿ ಬಾವು ಮರುಕಳಿಸುವುದು ಜಾಸ್ತಿಯಾಗಿತ್ತು. ಕೆಲವರಿಗೆ ಈ ಬಾವು ಮೆದುಳು, ಮೆದುಳುಬಳ್ಳಿಯ ಕಾಯಿಲೆಗಳ ಮೊದಲ ಸುಳಿವಾಗಿರುತ್ತದೆ, ಹಾಗಾಗಿ ಎಂಆರ್‌ಐ ಜೊತೆಗೆ ಅಕ್ವಾಪೊರಿನ್-4, ಎಂಒಜಿ ಎನ್ನುವ ರಕ್ತಪರೀಕ್ಷೆಗಳೂ ಬೇಕಾಗಬಹುದು. ಅಕ್ವಾಪೊರಿನ್ ಪರೀಕ್ಷೆ ಪಾಸಿಟಿವ್ ಬಂದರೆ ಕಣ್ಣು ಸರಿಹೋಯಿತೆಂದು ಔಷಧಿ ಬಿಡುವಂತಿಲ್ಲ, ಮುಂದಿನ ದಾಳಿ ತಡೆಯಲು ವರ್ಷಗಟ್ಟಲೆ ಔಷಧಿ ಬೇಕು.

50 ದಾಟಿದ, ಸಕ್ಕರೆ ಕಾಯಿಲೆ, ಬಿಪಿ ಇರುವವರು ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ಮೇಲರ್ಧವೋ ಕೆಳಗರ್ಧವೋ ಪರದೆ ಇಳಿಬಿಟ್ಟಂತೆ ಕಪ್ಪಾಗಿದೆ ಅಂದರೆ ನರದ ರಕ್ತ ಓಡಾಟ ನಿಂತಿರಬಹುದು. ಹೋದದ್ದನ್ನು ತರುವ ಖಚಿತ ಔಷಧಿ ಇದಕ್ಕೆ ಇಲ್ಲ, ಆದರೆ ಇನ್ನೊಂದು ಕಣ್ಣನ್ನು ಕಾಪಾಡಬೇಕು. ಸಕ್ಕರೆ, ಬಿಪಿ, ಜೋರು ಗೊರಕೆ ಇವನ್ನು ನೋಡಿಸಬೇಕು, ರಾತ್ರಿ ಬಿಪಿ ಗುಳಿಗೆಯ ಹೊತ್ತು ಬದಲಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು. ವಯಸ್ಸಾದವರಿಗೆ ಕಣ್ಣಿನ ಜೊತೆ ತಲೆನೋವು, ತಲೆ ಬಾಚಿದರೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಮಾತ್ರ ಅದು ಬೇರೆಯೇ ಕಥೆ. ರಕ್ತನಾಳದ ಬಾವು ಅದು. ನಮ್ಮಲ್ಲಿ ಅಪರೂಪ, ಆದರೆ ಅದೇ ದಿನ ಸ್ಟಿರಾಯ್ಡ್ ಸಿಗದಿದ್ದರೆ ಎರಡನೇ ಕಣ್ಣೂ ಹೋಗಬಹುದು. ಬೈಕಿನಿಂದ ಬಿದ್ದು ಹುಬ್ಬಿಗೆ ಏಟು ಬಿದ್ದಾಗಲೂ ಹೊರಗೆ ಚಿಕ್ಕ ಗಾಯ, ಒಳಗೆ ನರ ಜಜ್ಜಿರಬಹುದು. ಹುಬ್ಬಿನ ಹೊಲಿಗೆ ಹಾಕಿಸಿಕೊಂಡು ಬರುವ ಮೊದಲು ಇನ್ನೊಂದು ಕಣ್ಣು ಮುಚ್ಚಿ, ಏಟು ಬಿದ್ದ ಕಡೆಯ ಕಣ್ಣು ಕಾಣುತ್ತಿದೆಯೇ ಎಂದು ನೋಡಿ.

ಇನ್ನು ನಿಮ್ಮ ಪ್ರಶ್ನೆಗಳು. ಮನೆತನದ ಕಾಯಿಲೆಯೇ? ನಿಮ್ಮ ತಂದೆಯವರದು, ನೀವು ಬರೆದದ್ದನ್ನು ನೋಡಿದರೆ, ಗ್ಲಾಕೋಮಾ ಇದ್ದಿರಬಹುದು. ಅದೂ ಕಣ್ಣಿನ ನರದ ಕಾಯಿಲೆಯೇ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ ಇರುತ್ತದೆ. ಬಹಳ ಜನರಲ್ಲಿ ಅದು ಏರಿ ನರವನ್ನು ತಿನ್ನುತ್ತದೆ, ಕೆಲವರಿಗೆ ಒತ್ತಡ ಸರಿಯಿದ್ದೂ ನರ ಸವೆಯುತ್ತದೆ. ನಿಮ್ಮಣ್ಣನಿಗೆ ನಡುಭಾಗ ಹೋಗಿದೆ, ಗ್ಲಾಕೋಮಾದಲ್ಲಿ ಅಂಚಿನಿಂದ ಶುರುವಾಗಿ ನಡುಭಾಗ ಕೊನೆಗೆ ಹೋಗುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ, ಪೊರೆ ಎಂದುಕೊಂಡು ಕಾಯುತ್ತಾರೆ. ಪೊರೆ ತೆಗೆದ ಮೇಲೂ ಕಾಣದಿದ್ದಾಗ ಆಪರೇಷನ್ ಮಾಡಿದವರನ್ನು ಬೈಯುತ್ತಾರೆ. ಅಪ್ಪ ಅಮ್ಮನಿಗೆ ಗ್ಲಾಕೋಮಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹಾಗಾಗಿ ನೀವೂ, ನಿಮ್ಮ ಉಳಿದ ಅಣ್ಣತಮ್ಮಂದಿರು, ಅಕ್ಕತಂಗಿಯರಿದ್ದರೆ ಅವರೂ ಕಣ್ಣಿನ ಒತ್ತಡ ಅಳೆಸಿ, ನರ ತೋರಿಸಿ. 40 ದಾಟಿದ ಮೇಲೆ ವರ್ಷಕ್ಕೊಮ್ಮೆ. ಮೊದಲೇ ಸಿಕ್ಕಿದರೆ ದಿನಾ ಒಂದು ಹನಿ ಔಷಧಿಯಲ್ಲೇ ಎಷ್ಟೋ ಜನ ಜೀವನವಿಡೀ ನೋಡಿಕೊಂಡು ಬದುಕುತ್ತಾರೆ.

ನಿಜವಾಗಿ ವಂಶದಲ್ಲಿ ಬರುವ ನರದ ಕಾಯಿಲೆಯೂ ಒಂದಿದೆ. ಜರ್ಮನಿಯ ಲೆಬರ್ ಎಂಬ ಡಾಕ್ಟರು 1871ರಲ್ಲಿ ವಿವರಿಸಿದ್ದು. ಹದಿಹರೆಯದ, ಎಳೆ ವಯಸ್ಸಿನ ಗಂಡುಮಕ್ಕಳಿಗೇ ಜಾಸ್ತಿ. ಆದರೆ ಅದು ಬರುವುದು ತಾಯಿಯ ಕಡೆಯಿಂದ ಮಾತ್ರ, ತಂದೆಯಿಂದ ಬರುವುದಿಲ್ಲ. ನಿಮ್ಮ ಸೋದರಮಾವಂದಿರಲ್ಲಿ ಯಾರಿಗಾದರೂ ಹರೆಯದಲ್ಲೇ ಕಣ್ಣು ಹೋಗಿದ್ದರೆ ಡಾಕ್ಟರಿಗೆ ಹೇಳಿ, ಇಲ್ಲದಿದ್ದರೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ನರ ಬದಲಿಸಬಹುದೇ? ಆಗುವುದಿಲ್ಲ. ನೇತ್ರದಾನದಲ್ಲಿ ಬಂದ ಕಣ್ಣಿನಿಂದ ನಾವು ಬಳಸುವುದು ಮುಂದಿನ ಪಾರದರ್ಶಕ ಗಾಜಿನಂಥ ಪದರವನ್ನು. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ಕಣ್ಣು ಬದುಕಿತು, ನೋಟ ಬರಲಿಲ್ಲ. ಕತ್ತರಿಸಿದ ಲಕ್ಷಾಂತರ ಎಳೆಗಳು ಮೆದುಳಿನ ತನಕ ಮತ್ತೆ ಬೆಳೆಯುವುದಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿ ನರ ಚಿಗುರಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ಇದ್ದಾರೆ. ಇವತ್ತಿನ ದಿನ ಒಣಗಿದ ನರವನ್ನು ಹಾಗೆ ಚಿಗುರಿಸಿದ ಸಾಬೀತಾದ ಚಿಕಿತ್ಸೆ ಇಲ್ಲ. ಜಮೀನು ಅಡವಿಡಬೇಡಿ. ಕಣ್ಣಿಗೆ ಸೊಪ್ಪಿನ ರಸ, ಜೇನುತುಪ್ಪ, ಎದೆಹಾಲು ಹಾಕುವುದೂ ಬೇಡ. ತೊಂದರೆ ಇರುವುದು ಕಣ್ಣುಗುಡ್ಡೆಯ ಹಿಂದೆ, ಅಲ್ಲಿಗೆ ಆ ರಸ ಹೋಗುವುದಿಲ್ಲ. ಮುಂದಿನ ಒಳ್ಳೆಯ ಭಾಗಕ್ಕೆ ಹುಣ್ಣಾಗುವುದು ಮಾತ್ರ ನಿಜ.

ಎಲ್ಲಿಗೆ ಹೋಗಬೇಕು? ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಿಂದ ಶುರುಮಾಡಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮೆದುಳಿನ ತೊಂದರೆ ಎಂದು ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ಗೆ, ಕಣ್ಣಿಗೇ ಎಂದರೆ ಮಿಂಟೋ ಆಸ್ಪತ್ರೆಗೆ ಕಳಿಸಬಹುದು. ಆದರೆ ಎಥಾಂಬ್ಯುಟಾಲ್ ನಿಲ್ಲಿಸುವ ನಿರ್ಧಾರಕ್ಕೆ ಬೆಂಗಳೂರಿನ ತನಕ ಕಾಯಬೇಕಾಗಿಲ್ಲ, ಅದು ಚಳ್ಳಕೆರೆಯಲ್ಲೇ ಆಗುತ್ತದೆ.

ಸದ್ಯಕ್ಕೆ ನಿಮ್ಮಣ್ಣ ಬೈಕ್ ಮುಟ್ಟಬಾರದು. ಮಿಲ್ಲಿನಲ್ಲಿ ತಿರುಗುವ ಬೆಲ್ಟು, ಬಿಸಿ ಎಣ್ಣೆಯ ಹತ್ತಿರದ ಕೆಲಸ ಬೇಡ. ಮಾಲೀಕರ ಜೊತೆ ನೀವೇ ಮಾತಾಡಿ ಚೀಲ ಎಣಿಸುವಂಥ ಬೇರೆ ಕೆಲಸ ಕೇಳಿ. ಮನೆಯಲ್ಲಿ ಗೋಡೆಯ ಕ್ಯಾಲೆಂಡರನ್ನೇ ಬೋರ್ಡ್ ಮಾಡಿಕೊಳ್ಳಿ. ವಾರಕ್ಕೊಮ್ಮೆ, ಅದೇ ಬೆಳಕಿನಲ್ಲಿ, ಅದೇ ದೂರದಲ್ಲಿ ನಿಲ್ಲಿಸಿ ಒಂದೊಂದೇ ಕಣ್ಣಿನಿಂದ ಯಾವ ಗಾತ್ರದ ಅಕ್ಷರ ಕಾಣುತ್ತದೆ ಎಂದು ಬರೆದಿಡಿ. ಮುಂದಿನ ಭೇಟಿಯಲ್ಲಿ ಆ ಹಾಳೆ ನಮಗೆ ಬಹಳ ಕೆಲಸಕ್ಕೆ ಬರುತ್ತದೆ. ಒಂದು ವರ್ಷದ ಹೊತ್ತಿಗೂ ದೃಷ್ಟಿ ಸಾಲದೆ ಹೋದರೆ ಭೂತಗನ್ನಡಿ, ದೊಡ್ಡಕ್ಷರದ ಫೋನು, ಓದಿ ಹೇಳುವ ಸೌಲಭ್ಯ ಇವೆ. ತೊಂದರೆ ಶೇಕಡ 40 ಮತ್ತು ಮೇಲಿದ್ದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಅರ್ಜಿ ಹಾಕಿ, ಅದು ಅವರ ಹಕ್ಕು. ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಖಾತೆಗೆ ಬರಬೇಕು, ಅದು ಬರುತ್ತಿದೆಯೇ ಎಂದೂ ನೋಡಿ. ಮೊಟ್ಟೆ, ಹಾಲು, ಸೊಪ್ಪು, ಶೇಂಗಾ ನರಕ್ಕೂ ಬೇಕು, ಎದೆಗೂ ಬೇಕು.

ಟಿಬಿ ಗುಳಿಗೆ ಶುರುಮಾಡಲಿರುವವರು ಇದನ್ನು ಓದುತ್ತಿದ್ದರೆ, ಮೊದಲ ಡೋಸಿನ ಆಸುಪಾಸಿನಲ್ಲೇ ಒಮ್ಮೆ ಕಣ್ಣು ಮತ್ತು ಬಣ್ಣದ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಭಯಬಿದ್ದು ಗುಳಿಗೆ ಬಿಡಬೇಡಿ, ಈ ತೊಂದರೆ ಕೆಲವೇ ಕೆಲವರಿಗೆ ಬರುವುದು. ಬಂದರೆ ಆ ಚೀಟಿಯಿಂದ ಬೇಗ ಗೊತ್ತಾಗುತ್ತದೆ.

ತಂಗೀ, ನಾಳೆ ಆಸ್ಪತ್ರೆಗೆ ಹೋಗುವಾಗ ಟಿಬಿ ಕಾರ್ಡು, ಗುಳಿಗೆಯ ಖಾಲಿ ಪಟ್ಟಿ, ಎರಡೂ ಹೊಸ ಕನ್ನಡಕ, ಹಳೆಯ ಕಣ್ಣಿನ ಚೀಟಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳಿ. ಪಾಪೆ ಅಗಲ ಮಾಡುವ ಹನಿ ಹಾಕುತ್ತಾರೆ, ನಾಲ್ಕೈದು ಗಂಟೆ ಕಣ್ಣು ಕುಕ್ಕುತ್ತದೆ. ಅಣ್ಣನನ್ನು ಒಬ್ಬರನ್ನೇ ಬಸ್ಸಿಗೆ ಹತ್ತಿಸಬೇಡಿ, ಜೊತೆಗೆ ನೀವು ಹೋಗಿ.